ಹೊಲಿದ ನರ ಬೆಳೆಯುತ್ತಿದೆಯೇ? ಸ್ಕ್ಯಾನ್ ಹೇಳಿದ್ದು, ಹೇಳದೆ ಬಿಟ್ಟದ್ದು

ಮೂಳೆ ಮುರಿದವರಿಗೆ ಕೆಲವು ವಾರ ಕಳೆದ ಮೇಲೆ ಒಂದು ಎಕ್ಸ್‌ರೇ ತೆಗೆದು, ಕೂಡಿದೆ ಅಥವಾ ಇನ್ನೂ ಕೂಡಿಲ್ಲ ಎಂದು ವೈದ್ಯರು ಹೇಳಿಬಿಡುತ್ತಾರೆ. ನರ ತುಂಡಾಗಿ ಹೊಲಿಸಿಕೊಂಡವರಿಗೆ ಅಷ್ಟು ಸುಲಭದ ಉತ್ತರ ಸಿಗುವುದಿಲ್ಲ. ಚರ್ಮದ ಗಾಯ ಮಾಯುತ್ತದೆ, ಹೊಲಿಗೆ ಬಿಚ್ಚುತ್ತಾರೆ, ನೋಡಿದವರೆಲ್ಲ ವಾಸಿಯಾಯಿತಲ್ಲ ಎನ್ನುತ್ತಾರೆ. ಆದರೆ ಬೆರಳು ಮಾತ್ರ ಮರಗಟ್ಟಿಕೊಂಡೇ ಇರುತ್ತದೆ. ಒಳಗೆ ನರ ಬೆಳೆಯುತ್ತಿದೆಯೋ, ಹೊಲಿಗೆಯ ಜಾಗದಲ್ಲೇ ಗಂಟುಕಟ್ಟಿ ನಿಂತಿದೆಯೋ ಎಂಬುದು ಹಲವು ತಿಂಗಳವರೆಗೆ ಹೊರಗಿನಿಂದ ತಿಳಿಯುವುದೇ ಇಲ್ಲ. ಆ ಅವಧಿಯಲ್ಲಿ ನನ್ನ ಕೈಗೆ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಎರಡನ್ನೂ ಮಾಡಿಸಲಾಯಿತು. ಅವುಗಳಿಂದ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬುದನ್ನು, ಇದೇ ದಾರಿಯಲ್ಲಿರುವವರಿಗೆ ಉಪಯೋಗವಾಗಬಹುದೆಂದು, ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಕಿಟಕಿಯ ಗಾಜು ಒಡೆದು ಬಲಗೈಯ ಮೇಲೆ ಬಿದ್ದು, ಮಣಿಕಟ್ಟಿನಿಂದ ಸುಮಾರು 10 ಸೆಂಟಿಮೀಟರ್ ಮೇಲೆ, ಕಿರುಬೆರಳಿನ ಕಡೆಯ ಮಗ್ಗುಲಲ್ಲಿ ಆಳವಾಗಿ ಕೊಯ್ದಿತು. ಅಲ್ಲಿ ಹಾದುಹೋಗುವ, ಕಿರುಬೆರಳಿನ ಸ್ಪರ್ಶವನ್ನೂ ಅಂಗೈಯ ಹೆಚ್ಚಿನ ಚಿಕ್ಕ ಸ್ನಾಯುಗಳನ್ನೂ ನೋಡಿಕೊಳ್ಳುವ ಅಲ್ನಾರ್ ನರ, ಅದಕ್ಕೆ ಅಂಟಿಕೊಂಡಂತೆ ಸಾಗುವ ರಕ್ತನಾಳ, ಮೇಲಿನ ಒಂದು ಸ್ನಾಯುರಜ್ಜು ಮೂರೂ ತುಂಡಾಗಿದ್ದವು. ಮರುದಿನ ಬೆಂಗಳೂರಿನಲ್ಲಿ, ಇಡೀ ಕೈಯನ್ನು ಇಂಜೆಕ್ಷನ್‌ನಿಂದ ಜೋಮು ಹಿಡಿಸಿ, ಮೈಕ್ರೋಸ್ಕೋಪಿನ ಕೆಳಗೆ ನರವನ್ನು ಹೊಲಿದರು. ಬಳಸಿದ್ದು 9-0 ಎಂಬ ಅಳತೆಯ ನೈಲಾನ್ ದಾರ. ಅದರ ದಪ್ಪ ತಲೆಗೂದಲಿನ ಅರ್ಧದಷ್ಟೂ ಇರುವುದಿಲ್ಲವಂತೆ. ಹೊಲಿಗೆ ಬೀಳುವುದು ನರದ ಹೊರಕವಚಕ್ಕೆ ಮಾತ್ರ. ಒಳಗಿನ ಸಾವಿರಾರು ಎಳೆಗಳನ್ನು ಯಾರೂ ಒಂದೊಂದಾಗಿ ಜೋಡಿಸಲಾರರು. ಅವು ತಾವಾಗಿಯೇ ದಾರಿ ಹುಡುಕಿಕೊಂಡು ಬೆಳೆಯಬೇಕು.

ನರ ತುಂಡಾದ ಮೇಲೆ ಗಾಯದಿಂದ ಕೆಳಗಿನ ಭಾಗದ ಎಳೆಗಳೆಲ್ಲ ನಶಿಸಿಹೋಗುತ್ತವೆ. ಇದನ್ನು ಅಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವಿಜ್ಞಾನಿ 1850ರಲ್ಲಿಯೇ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ತೋರಿಸಿದ್ದರು. ಉಳಿಯುವುದು ಖಾಲಿ ಕೊಳವೆಗಳಂಥ ಹಾದಿ ಮಾತ್ರ. ಮೇಲಿನ ತುದಿಯಿಂದ ಹೊಸ ಎಳೆಗಳು ಹೊಲಿಗೆಯನ್ನು ದಾಟಿ ಆ ಹಾದಿಯಲ್ಲಿ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಇಳಿಯುತ್ತವೆ. ಆಸ್ಪತ್ರೆಯಿಂದ ಬಿಟ್ಟು ಕಳಿಸಿದ ದಿನವೇ ನಾನು ಸ್ಕೇಲು ಹಿಡಿದು ಲೆಕ್ಕ ಹಾಕಿದ್ದೆ. ಅಂಗೈಯಲ್ಲಿ ಕಿರುಬೆರಳಿನ ಬುಡದ ಉಬ್ಬಿನ ಸ್ನಾಯುವಿಗೆ 12 ಸೆಂಟಿಮೀಟರ್. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ, ಕೈಯ ಹಿಂಬದಿಯಲ್ಲಿರುವ ಸ್ನಾಯುವಿಗೆ ಹತ್ತಿರ ಹತ್ತಿರ 19 ಸೆಂಟಿಮೀಟರ್. ಹೊಲಿಗೆ ದಾಟುವುದಕ್ಕೇ ಕೆಲವು ವಾರ ಬೇಕು ಎಂದು ವೈದ್ಯರು ಹೇಳಿದ್ದನ್ನು ಕೂಡಿಸಿದರೆ ಮೊದಲನೆಯದಕ್ಕೆ ಸುಮಾರು ಐದು ತಿಂಗಳು, ಎರಡನೆಯದಕ್ಕೆ ಏಳರ ಮೇಲೆ. ಈ ಲೆಕ್ಕಕ್ಕೆ ಇನ್ನೊಂದು ಕಡೆಯಿಂದ ಗಡುವೂ ಇದೆ. ನರದ ಸಂಪರ್ಕ ತಪ್ಪಿದ ಸ್ನಾಯು ಒಂದರಿಂದ ಒಂದೂವರೆ ವರ್ಷದೊಳಗೆ ಮತ್ತೆ ಚಿಗುರಲಾರದ ಸ್ಥಿತಿಗೆ ಹೋಗುತ್ತದೆ. ಆಮೇಲೆ ನರ ತಲುಪಿದರೂ ಎಚ್ಚರಗೊಳ್ಳಲು ಅಲ್ಲಿ ಸ್ನಾಯುವೇ ಉಳಿದಿರುವುದಿಲ್ಲ.

ಆದ್ದರಿಂದ ಸುಮ್ಮನೆ ಕಾಯುವುದೂ ಒಂದು ಚಿಕಿತ್ಸಾ ನಿರ್ಧಾರವೇ, ಅದಕ್ಕೂ ಆಧಾರ ಬೇಕು. ಹಳೆಯ ಕಾಲದಿಂದ ಇರುವ ಆಧಾರ ಬೆರಳಿನಿಂದ ತಟ್ಟಿ ನೋಡುವುದು. ಮೊದಲ ಮಹಾಯುದ್ಧದ ಸಮಯದಲ್ಲಿ, 1915ರಲ್ಲಿ, ಫ್ರಾನ್ಸಿನ ಜೂಲ್ಸ್ ಟಿನೆಲ್ ಮತ್ತು ಜರ್ಮನಿಯ ಪಾಲ್ ಹಾಫ್‌ಮನ್, ಎದುರಾಳಿ ದೇಶಗಳಲ್ಲಿದ್ದುಕೊಂಡು, ಒಬ್ಬರಿಂದೊಬ್ಬರು ಬೇರೆಯಾಗಿ ಇದನ್ನು ವರ್ಣಿಸಿದರು: ನರದ ಹಾದಿಯ ಮೇಲೆ ತಟ್ಟಿದಾಗ ಎಳೆಗಳು ಎಲ್ಲಿಯವರೆಗೆ ಬೆಳೆದಿವೆಯೋ ಅಲ್ಲಿ ಬೆರಳಿಗೆ ಚುರ್ರೆಂದು ಮಿಂಚು ಹೊಡೆದಂತಾಗುತ್ತದೆ, ಆ ಜಾಗ ತಿಂಗಳಿಂದ ತಿಂಗಳಿಗೆ ಕೆಳಗಿಳಿಯಬೇಕು. ನನ್ನ ಕೈಯಲ್ಲಿ ಮೊದಲು ಎರಡು ತಿಂಗಳು ಅದು ಸರಿಯಾಗಿಯೇ ಇಳಿಯಿತು. ಆಮೇಲೆ ಗೊಂದಲ ಶುರುವಾಯಿತು. ಹೊಲಿಗೆಯ ಜಾಗದಲ್ಲಿ ತಟ್ಟಿದರೆ ಜೋರಾದ ಝಣಕು, ಕೆಳಗೆ ಮಣಿಕಟ್ಟಿನ ಬಳಿ ಇದೆಯೋ ಇಲ್ಲವೋ ಎನ್ನುವಷ್ಟು ಕ್ಷೀಣ. ಫಿಸಿಯೋಥೆರಪಿಸ್ಟ್ ತಟ್ಟಿ, "ಇಲ್ಲಿ ಬಂತಾ ಸರ್?" ಎಂದು ಕೇಳಿದಾಗ ಬಂತು ಎನ್ನಲೂ ಆಗದೆ, ಇಲ್ಲ ಎನ್ನಲೂ ಆಗದೆ ಕುಳಿತಿರುತ್ತಿದ್ದೆ. ರೋಗಿಯ ಆಸೆ ಆ ಉತ್ತರದೊಳಗೆ ಸೇರಿಕೊಳ್ಳದೆ ಇರಲಾರದು.

ಐದನೆಯ ತಿಂಗಳು ಮುಗಿಯುವ ಹೊತ್ತಿಗೆ ಶಿವಮೊಗ್ಗದಲ್ಲಿ ಇಎಂಜಿ ಮಾಡಿಸಿದೆವು. ಸ್ನಾಯುವಿನೊಳಗೆ ತೆಳುವಾದ ಸೂಜಿ ಇಳಿಸಿ ಅದರ ವಿದ್ಯುತ್ ಚಟುವಟಿಕೆಯನ್ನು ಪರದೆಯ ಮೇಲೆ ನೋಡುವ, ಸ್ಪೀಕರಿನಲ್ಲಿ ಕೇಳಿಸಿಕೊಳ್ಳುವ ಪರೀಕ್ಷೆ ಅದು. ಕಿರುಬೆರಳಿನ ಬುಡದ ಸ್ನಾಯುವಿನಲ್ಲಿ ಸೂಜಿ ಇಳಿದಾಗ ಕೇಳಿಸಿದ್ದು ತಗಡಿನ ಮೇಲೆ ಹನಿ ಮಳೆ ಬಿದ್ದಂಥ ಚಟಚಟ ಸದ್ದು ಮಾತ್ರ. ನರದ ಅಂಕೆ ತಪ್ಪಿದ ಸ್ನಾಯುತಂತುಗಳು ತಮ್ಮಷ್ಟಕ್ಕೆ ತಾವೇ ಮಿಡಿಯುವಾಗ ಹಾಗೆ ಕೇಳಿಸುತ್ತದಂತೆ. ಬೆರಳನ್ನು ಅಗಲಿಸಿ ಎಂದಾಗ ನಾನೆಷ್ಟೇ ಪ್ರಯತ್ನಪಟ್ಟರೂ ಹೊಸ ಅಲೆ ಒಂದೂ ಮೂಡಲಿಲ್ಲ. ಇಎಂಜಿಯ ಮಿತಿಯೂ ಇಲ್ಲೇ ಇದೆ. ಎಳೆಗಳು ಸ್ನಾಯುವನ್ನು ಮುಟ್ಟಿದ ಮೇಲಷ್ಟೇ ಅದು ಮಾತನಾಡುತ್ತದೆ; ದಾರಿಯ ಮಧ್ಯದಲ್ಲಿ ಅವು ಇಳಿಯುತ್ತಿವೆಯೇ, ಹೊಲಿಗೆಯಲ್ಲೇ ಸಿಕ್ಕಿಬಿದ್ದಿವೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಶಸ್ತ್ರವೈದ್ಯರು ರಿಪೋರ್ಟ್ ನೋಡಿ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. "ಮೇಷ್ಟ್ರೇ, ಎರಡು ಸಾಧ್ಯತೆ ಇವೆ. ನಿಧಾನವಾಗಿ ಬರುತ್ತಿದ್ದರೆ ನಾವು ಕೈ ಹಾಕಿ ಕೆಡಿಸಬಾರದು. ನಿಂತುಹೋಗಿದ್ದರೆ ಇನ್ನು ಕಾಯಬಾರದು." ಎರಡನೆಯದಾದರೆ ಗಂಟನ್ನು ಕತ್ತರಿಸಿ ತೆಗೆದು, ಕಾಲಿನ ಹಿಂಭಾಗದ ಸ್ಯೂರಲ್ ನರದ ತುಂಡನ್ನು ತಂದು ಮಧ್ಯೆ ಕಸಿ ಮಾಡಬೇಕಾಗುತ್ತಿತ್ತು, ಇಲ್ಲವೇ ಮುಂಗೈಯಲ್ಲಿ ಬೇರೆ ಕೆಲಸಕ್ಕಿರುವ ಒಂದು ನರದ ಕವಲನ್ನು ಮಣಿಕಟ್ಟಿನ ಬಳಿ ಇದಕ್ಕೆ ಜೋಡಿಸಬೇಕಾಗುತ್ತಿತ್ತು. ತಟ್ಟಿ ನೋಡುವುದರಿಂದಲೂ ಸೂಜಿಯಿಂದಲೂ ತೀರ್ಮಾನವಾಗದ ಈ ಪ್ರಶ್ನೆಗಾಗಿಯೇ ಸ್ಕ್ಯಾನ್ ಬೇಕಾಯಿತು.

ಮೊದಲು ಮಾಡಿಸಿದ್ದು ಅಲ್ಟ್ರಾಸೌಂಡ್. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನೇ ಇದು ಎಂದುಕೊಂಡು ಹೋದ ನನಗೆ ರೇಡಿಯಾಲಜಿ ವೈದ್ಯೆ ತೋರಿಸಿದ ಪ್ರೋಬ್ ಬೇರೆಯೇ ಇತ್ತು: ಹಾಕಿ ಕೋಲಿನ ತುದಿಯಂತೆ ಬಾಗಿದ, ಹೆಬ್ಬೆರಳಿನಷ್ಟು ಅಗಲವೂ ಇಲ್ಲದ ಚಿಕ್ಕ ಸಲಕರಣೆ. ಹೊಟ್ಟೆಯ ಸ್ಕ್ಯಾನಿಗೆ ಕೆಲವೇ ಮೆಗಾಹರ್ಟ್ಸ್ (ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಕಂಪನ) ಸಾಕು. ಇದು 18 ಮೆಗಾಹರ್ಟ್ಸ್. ಕಂಪನ ಹೆಚ್ಚಿದಷ್ಟೂ ಸೂಕ್ಷ್ಮ ವಿವರ ಕಾಣುತ್ತದೆ, ಆದರೆ ಆಳಕ್ಕೆ ಇಳಿಯುವುದಿಲ್ಲ. ಮುಂಗೈಯ ನರ ಚರ್ಮದಿಂದ ಹೆಚ್ಚು ಆಳದಲ್ಲಿಲ್ಲದ ಕಾರಣ ಈ ಕೊರತೆ ಇಲ್ಲಿ ಬಾಧಿಸುವುದಿಲ್ಲ.

ಅವರು ಮೊದಲು ಎಡಗೈಯಿಂದ ಆರಂಭಿಸಿದರು. ಗಾಯವಿಲ್ಲದ ಕೈಯ ಚಿತ್ರ ಹೋಲಿಕೆಗೆ ಬೇಕು ಎಂಬುದು ಕಾರಣ. ಅಡ್ಡ ಕೊಯ್ತದಲ್ಲಿ ಆರೋಗ್ಯವಂತ ನರ ಬಿಳಿಯ ಬಲೆಯೊಳಗೆ ಕಪ್ಪು ಚುಕ್ಕೆಗಳನ್ನು ಜೋಡಿಸಿಟ್ಟಂತೆ ಕಾಣುತ್ತಿತ್ತು. ಆ ಚುಕ್ಕೆಗಳು ಎಳೆಗಳ ಕಟ್ಟುಗಳು, ಬಿಳಿಯದು ಅವನ್ನು ಹಿಡಿದಿಟ್ಟ ಅಂಗಾಂಶ. ಪಕ್ಕದಲ್ಲೇ ರಕ್ತನಾಳ ಕೆಂಪು ಬಣ್ಣದಲ್ಲಿ ಮಿಡಿಯುತ್ತಿತ್ತು. ಆಮೇಲೆ ಬಲಗೈ. ಮೊಣಕೈಯಿಂದ ಪ್ರೋಬನ್ನು ನಿಧಾನವಾಗಿ ಕೆಳಗೆ ಸರಿಸುತ್ತ ಬಂದರೆ ಅದೇ ಚುಕ್ಕೆಗಳ ವಿನ್ಯಾಸ. ಗಾಯದ ಗುರುತು ಹತ್ತಿರವಾಗುತ್ತಿದ್ದಂತೆ ನರ ಊದಿಕೊಳ್ಳತೊಡಗಿತು, ಚುಕ್ಕೆಗಳು ಒಂದರೊಳಗೊಂದು ಕಲಸಿಹೋದವು, ಕೊನೆಗೆ ಇಡೀ ನರ ಒಂದೇ ಕರಿಯ ಮುದ್ದೆಯಾಯಿತು. ಅದರ ಅಂಚಿನಲ್ಲಿ ಚೂಪಾಗಿ ಹೊಳೆಯುವ ಎರಡು ಮೂರು ಬಿಂದುಗಳನ್ನು ತೋರಿಸಿ, "ಇವು ನಿಮ್ಮ ಹೊಲಿಗೆಗಳು ಸರ್" ಎಂದರು. ಆ ಮುದ್ದೆಯ ಮೇಲೆ ಪ್ರೋಬನ್ನು ಸ್ವಲ್ಪ ಒತ್ತಿದ್ದೇ ತಡ, ಕಿರುಬೆರಳಿಗೆ ಝಣ್ಣೆಂದು ಹೊಡೆಯಿತು. ಎಡಗೈಯಲ್ಲಿ 6 ಚದರ ಮಿಲಿಮೀಟರ್ ಇದ್ದ ನರದ ಅಡ್ಡ ಕೊಯ್ತದ ವಿಸ್ತೀರ್ಣ ಇಲ್ಲಿ 15 ಇತ್ತು.

ಅಂಕಿ ಕೇಳಿ ನನ್ನ ಎದೆ ಧಸಕ್ಕೆಂದಿತು. ಆದರೆ ಹೊಲಿದ ಜಾಗದಲ್ಲಿ ಒಂದಿಷ್ಟು ಊತ ಇದ್ದೇ ಇರುತ್ತದೆ, ಊತವೊಂದನ್ನೇ ನೋಡಿ ಏನನ್ನೂ ಹೇಳಲಾಗದು ಎಂದು ಅವರು ಹೇಳಿದರು. ಅವರು ಹುಡುಕುತ್ತಿದ್ದದ್ದು ಬೇರೆ ಮೂರು ಸಂಗತಿಗಳನ್ನು. ತುದಿಗಳ ನಡುವೆ ಬಿರುಕು ಬಿಟ್ಟಿದೆಯೇ? ಇರಲಿಲ್ಲ, ಉದ್ದ ಕೊಯ್ತದಲ್ಲಿ ನರದ ಹೊರಗೆರೆ ಊತದ ಈಚೆಯಿಂದ ಆಚೆಗೆ ಕಡಿಯದೆ ಸಾಗಿತ್ತು. ಎಳೆಗಳ ಕಟ್ಟುಗಳು ಊತ ದಾಟಿದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತವೆಯೇ? ಕಾಣಿಸಿದವು, ಆದರೆ ಒಂದು ಮಗ್ಗುಲಲ್ಲಿ ಮಾತ್ರ ಸ್ಪಷ್ಟವಾಗಿ. ಇನ್ನೊಂದು ಮಗ್ಗುಲಲ್ಲಿ ಕಪ್ಪು ಕಲೆ ಸ್ವಲ್ಪ ದೂರ ಮುಂದುವರಿದಿತ್ತು. ಸುತ್ತಲಿನ ಗಾಯದ ಅಂಗಾಂಶಕ್ಕೆ ನರ ಅಂಟಿಕೊಂಡಿದೆಯೇ? ಇದಕ್ಕೆ ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸಲು ಹೇಳಿ ಪರದೆಯನ್ನೇ ನೋಡುತ್ತ ಕುಳಿತರು. ನರ ಸ್ನಾಯುಗಳ ನಡುವೆ ಕಷ್ಟಪಟ್ಟಾದರೂ ಹಿಂದೆ ಮುಂದೆ ಜಾರುತ್ತಿತ್ತು. ಚಲಿಸುವ ಕೈಯೊಳಗೆ ಚಲಿಸುವ ನರವನ್ನು ಆ ಕ್ಷಣದಲ್ಲೇ ನೋಡುವ ಈ ಸೌಲಭ್ಯ ಎಂಆರ್‌ಐಗೆ ಇಲ್ಲ. ಎಲ್ಲ ಮುಗಿಯಲು ಅರ್ಧ ಗಂಟೆ ಸಾಕಾಯಿತು, ಖರ್ಚೂ ಎಂಆರ್‌ಐಯ ಸಣ್ಣ ಪಾಲಷ್ಟೇ. ಆದರೆ ಇಲ್ಲಿ ಯಂತ್ರಕ್ಕಿಂತ ಅದನ್ನು ಹಿಡಿದ ಕೈ ಮುಖ್ಯ. ನರಗಳನ್ನು ನೋಡಿ ಪಳಗಿದವರ ಬಳಿಯೇ ಮಾಡಿಸಿ ಎಂದು ಶಸ್ತ್ರವೈದ್ಯರು ಒತ್ತಿ ಹೇಳಿದ್ದರ ಅರ್ಥ ಆಗ ತಿಳಿಯಿತು.

ನರ ಕಡಿದಿಲ್ಲ ಎಂದಾಯಿತು. ಎಳೆಗಳು ಅದರೊಳಗೆ ಇಳಿಯುತ್ತಿವೆಯೇ ಎಂಬ ಪ್ರಶ್ನೆ ಉಳಿಯಿತು, ಎಂಆರ್‌ಐ ಅದಕ್ಕಾಗಿ. ನರಗಳನ್ನೇ ಎತ್ತಿ ತೋರಿಸುವಂತೆ ಎಂಆರ್‌ಐಯನ್ನು ಹೊಂದಿಸುವ ಪದ್ಧತಿ 1990ರ ದಶಕದ ಆರಂಭದಲ್ಲಿ ಬಂದದ್ದು, ನ್ಯೂರೋಗ್ರಫಿ ಎಂದು ಅದರ ಹೆಸರು. 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಯಂತ್ರವಿರುವ ಕಡೆ ಹೋಗಬೇಕಾಯಿತು. ಕೈಯಲ್ಲಿ ಲೋಹವಿದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದೇ ಹೇಳುವವನಿದ್ದೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿ ಓದಿದ ಟೆಕ್ನಿಷಿಯನ್, ರಕ್ತನಾಳದ ಕವಲೊಂದಕ್ಕೆ ಟೈಟಾನಿಯಂ ಕ್ಲಿಪ್ ಹಾಕಿದ್ದನ್ನು ಕಂಡುಹಿಡಿದರು. ಅದು ಅಪಾಯಕಾರಿಯಲ್ಲ, ಆದರೆ ಚಿತ್ರದಲ್ಲಿ ತನ್ನ ಸುತ್ತ ಒಂದು ಕಪ್ಪು ಕುಳಿ ಮಾಡುತ್ತದೆ. ಹಾಗಾಗಿ ಆ ಟಿಪ್ಪಣಿಯ ಪ್ರತಿಯನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಮುಂಗೈ ಯಂತ್ರದ ನಟ್ಟನಡುವೆ ಬರಬೇಕಾದ್ದರಿಂದ ಬೋರಲು ಮಲಗಿ, ಬಲಗೈಯನ್ನು ತಲೆಯ ಮುಂದಕ್ಕೆ ನೇರ ಚಾಚಿ, ಮುಕ್ಕಾಲು ಗಂಟೆ ಅಲುಗಾಡದೆ ಇರಬೇಕಾಯಿತು. ಯಂತ್ರದ ಸದ್ದಿಗಿಂತ ಭುಜದ ನೋವೇ ಹೆಚ್ಚು ಕಾಡಿತು.

ಎಂಆರ್‌ಐ ನರವನ್ನಷ್ಟೇ ಅಲ್ಲ, ಅದು ಸೇರಬೇಕಾದ ಸ್ನಾಯುಗಳನ್ನೂ ತೋರಿಸುತ್ತದೆ. ಕೊಬ್ಬಿನ ಹೊಳಪನ್ನು ಅಳಿಸಿ ನೀರಿನಂಶವನ್ನು ಮಾತ್ರ ಬೆಳಗಿಸುವ ಒಂದು ಬಗೆಯ ಚಿತ್ರದಲ್ಲಿ ನರದ ಸಂಪರ್ಕ ಕಳೆದುಕೊಂಡ ಸ್ನಾಯು ಬೆಳ್ಳಗೆ ಹೊಳೆಯುತ್ತದೆ. ಸಂಪರ್ಕ ಮರಳಿದರೆ ಆ ಹೊಳಪು ಕ್ರಮೇಣ ಇಳಿಯುತ್ತದೆ, ಮರಳದೆ ಹೋದರೆ ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದು ಸೇರುತ್ತದೆ. ನನ್ನ ಅಂಗೈಯಲ್ಲಿ ಕಿರುಬೆರಳಿನ ಬುಡದಿಂದ ತೋರುಬೆರಳಿನವರೆಗಿನ ಚಿಕ್ಕ ಸ್ನಾಯುಗಳೆಲ್ಲ ಹೊಳೆಯುತ್ತಿದ್ದವು. ಕೊಬ್ಬು ಇನ್ನೂ ಸೇರಿರಲಿಲ್ಲ. ಸಮಯ ಮೀರಿಲ್ಲ ಎಂಬುದಕ್ಕೆ ಅದು ಸಾಕ್ಷಿ. ನರವಿಜ್ಞಾನದ ಗಂಧವಿಲ್ಲದ ನನಗೂ ಅದು ಕೂಡಲೇ ಅರ್ಥವಾಯಿತು.

ಗಣಿತದವನಾಗಿ ನನ್ನನ್ನು ಹೆಚ್ಚು ಸೆಳೆದದ್ದು ಡಿಫ್ಯೂಷನ್ ಟೆನ್ಸರ್ ಎಂಬ ಭಾಗ. ನೀರಿನ ಕಣಗಳು ಸದಾ ಅಲೆದಾಡುತ್ತಿರುತ್ತವೆ. ನರದೊಳಗೆ ಉದ್ದಕ್ಕೂ ಎಳೆಗಳಿದ್ದರೆ ಅವು ಎಳೆಯ ಜಾಡಿನಲ್ಲಿ ಸುಲಭವಾಗಿ ಸಾಗುತ್ತವೆ, ಅಡ್ಡಕ್ಕೆ ಹೋಗಲು ಎಳೆಗಳ ಗೋಡೆ ಬಿಡುವುದಿಲ್ಲ. ಎಳೆಗಳು ನಶಿಸಿದ್ದರೆ ಅಲೆದಾಟ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮ. ಈ ವ್ಯತ್ಯಾಸವನ್ನು ಯಂತ್ರ ಹಲವು ದಿಕ್ಕುಗಳಲ್ಲಿ ಅಳೆಯುತ್ತದೆ. ಆ ಅಳತೆಗಳನ್ನು ಸಂಖ್ಯೆಗಳ ಒಂದು ಚೌಕದಲ್ಲಿ, ಅಂದರೆ ಮಾತೃಕೆಯಲ್ಲಿ, ಬರೆಯುತ್ತಾರೆ; ಅದೇ ಟೆನ್ಸರ್. ಮೂರು ಸಾಲು ಮೂರು ಕಂಬಗಳ, ಕರ್ಣದ ಎರಡೂ ಬದಿ ಒಂದೇ ಆಗಿರುವ ಮಾತೃಕೆಯಲ್ಲಿ ಬಿಡಿ ಸಂಖ್ಯೆಗಳು ಆರು. ಆದ್ದರಿಂದ ಕನಿಷ್ಠ ಆರು ದಿಕ್ಕುಗಳಲ್ಲಾದರೂ ಅಳೆಯಲೇಬೇಕು. ಅದರಿಂದ ಮೂರು ಮುಖ್ಯ ದಿಕ್ಕುಗಳ ಬೆಲೆಗಳನ್ನು ತೆಗೆದು, ಅವು ಒಂದಕ್ಕೊಂದು ಎಷ್ಟು ಅಸಮ ಎಂಬುದನ್ನು 0ಯಿಂದ 1ರ ನಡುವಿನ ಒಂದೇ ಅಂಕಿಯಾಗಿ ಇಳಿಸುತ್ತಾರೆ. ಮೂರೂ ಸಮವಾಗಿದ್ದರೆ 0. ಅಂಕಿ ಹೆಚ್ಚಿದಷ್ಟೂ ಹರಿವು ಒಂದೇ ದಿಕ್ಕಿಗೆ ಕಟ್ಟುಬಿದ್ದಿದೆ ಎಂದರ್ಥ. ಎಳೆಗಳು ಬೆಳೆದಂತೆ ಈ ಅಂಕಿ ಏರಬೇಕು.

ಇದರ ಜೊತೆಗೆ ಕಂಪ್ಯೂಟರ್ ಬಣ್ಣ ಬಣ್ಣದ ಗೆರೆಗಳಿಂದ ನರದ ಹಾದಿಯನ್ನೂ ಬಿಡಿಸುತ್ತದೆ. ಹೊಲಿಗೆಯ ಜಾಗವನ್ನು ಹಲವು ಗೆರೆಗಳು ದಾಟಿ ಕೆಳಗಿಳಿದಿದ್ದನ್ನು ಕಂಡು ನಾನು ಹಿಗ್ಗಿದೆ. ರೇಡಿಯಾಲಜಿ ವೈದ್ಯೆ ತಕ್ಷಣ ತಡೆದರು: "ಇದು ಫೋಟೋ ಅಲ್ಲ ಸರ್, ಲೆಕ್ಕ. ಒಂದು ಗೆರೆ ಅಂದರೆ ಒಂದು ನರತಂತು ಅಂತ ತಿಳಿಯಬೇಡಿ." ಅವರ ಮಾತಿನ ತೂಕ ಒಂದು ಸಣ್ಣ ಭಾಗಾಕಾರ ಮಾಡಿದಾಗ ಅರಿವಾಯಿತು. ಈ ಬಗೆಯ ಚಿತ್ರದ ಒಂದು ಚೌಕ (ಪಿಕ್ಸೆಲ್) ಒಂದು ಮಿಲಿಮೀಟರ್‌ಗಿಂತ ದೊಡ್ಡದು, ನನ್ನ ನರದ ಅಗಲ ಮೂರು ಮಿಲಿಮೀಟರ್ ಆಸುಪಾಸು. ಅಂದರೆ ಅಡ್ಡಕ್ಕೆ ಎರಡು ಮೂರು ಚೌಕಗಳು ಕುಳಿತರೆ ಹೆಚ್ಚು. ಅಂಚಿನ ಚೌಕದಲ್ಲಿ ಅರ್ಧ ನರ, ಅರ್ಧ ಕೊಬ್ಬು. ಅಷ್ಟೇ ಚೌಕಗಳಿಂದ ಬಂದ ಸರಾಸರಿಯನ್ನು ಎರಡನೆಯ ದಶಮಾಂಶದವರೆಗೆ ನಂಬುವುದು ಹೇಗೆ? ಯಂತ್ರ ಬದಲಾದರೆ, ಅಳೆಯುವ ಕ್ರಮ ಬದಲಾದರೆ ಅಂಕಿಯೂ ಬದಲಾಗುತ್ತದೆ. ಇಷ್ಟಿದ್ದರೆ ಪಾಸು, ಇಷ್ಟಕ್ಕಿಂತ ಕಡಿಮೆಯಾದರೆ ಫೇಲು ಎಂಬ ಗೆರೆ ಎಳೆಯಲು ಬಾರದು. ಅದೇ ಕೈಯನ್ನು ಅದೇ ಯಂತ್ರದಲ್ಲಿ ಕೆಲವು ತಿಂಗಳ ನಂತರ ನೋಡಿ ಹೋಲಿಸಿದಾಗಲೇ ಅದಕ್ಕೆ ಬೆಲೆ.

ಇಲ್ಲಿ ಒಂದು ಕಿರಿಕಿರಿಯನ್ನೂ ದಾಖಲಿಸಬೇಕು. ಸ್ಕ್ಯಾನ್ ಕೇಂದ್ರದವರು ಕೊಟ್ಟದ್ದು ನಾಲ್ಕು ಫಿಲ್ಮ್ ಹಾಳೆ ಮತ್ತು ಅರ್ಧ ಪುಟದ ವರದಿ. ಶಸ್ತ್ರವೈದ್ಯರು ಅದನ್ನು ನೋಡಿ, ಪೂರ್ತಿ ಚಿತ್ರಗಳಿರುವ ಸಿಡಿ ಬೇಕು ಎಂದರು. ಅದಕ್ಕಾಗಿ ಮತ್ತೆ ಫೋನು, ಮತ್ತೆ ಓಡಾಟ. ಹಣ ಕಟ್ಟುವಾಗಲೇ ಸಿಡಿ ಬೇಕೆಂದು ಹೇಳಿಬಿಟ್ಟರೆ ಈ ತಾಪತ್ರಯ ತಪ್ಪುತ್ತದೆ. ಹಿಂದಿನ ಗಾಯ, ಹೊಲಿಗೆ ಹಾಕಿದ ಜಾಗ ಮತ್ತು ದಿನಾಂಕ, ವೈದ್ಯರು ಕೇಳುತ್ತಿರುವ ಪ್ರಶ್ನೆ ಇವು ಚೀಟಿಯಲ್ಲಿ ಸ್ಪಷ್ಟವಾಗಿರದಿದ್ದರೆ ವರದಿಯೂ ಮೊಗಮ್ಮಾಗಿಯೇ ಬರುತ್ತದೆ.

ಸಿಡಿಯನ್ನೂ ಅಲ್ಟ್ರಾಸೌಂಡ್ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಶಸ್ತ್ರವೈದ್ಯರು ಕಾಯೋಣ ಎಂದರು. ನರ ಕಡಿದಿಲ್ಲ, ಒಂದು ಮಗ್ಗುಲ ಕಟ್ಟುಗಳು ದಾಟಿವೆ, ಸ್ನಾಯುಗಳು ಇನ್ನೂ ಕೊಬ್ಬಾಗಿಲ್ಲ. ಈ ಮೂರೂ ಸೇರಿ ಇನ್ನೊಂದಿಷ್ಟು ವಾರಗಳ ಅವಕಾಶ ಕೊಟ್ಟವು. ಸ್ಕ್ಯಾನ್ ನನಗೆ ಮಾಡಿದ ಉಪಕಾರ ಇದೇ. ಗುಣವಾಗುತ್ತದೆ ಎಂದು ಅದು ಹೇಳಲಿಲ್ಲ, ಕತ್ತರಿಸಿ ನೋಡುವ ಅವಸರವನ್ನು ತಡೆಯಿತು. ಆ ಗಂಟನ್ನು ಅಂದೇ ತೆಗೆದಿದ್ದರೆ ದಾಟಿದ್ದ ಎಳೆಗಳೂ ಅದರೊಂದಿಗೆ ಹೋಗುತ್ತಿದ್ದವು.

ಒಂದೂವರೆ ತಿಂಗಳ ನಂತರದ ಇಎಂಜಿಯಲ್ಲಿ ಕಿರುಬೆರಳಿನ ಬುಡದ ಸ್ನಾಯುವಿನಿಂದ ಚಿಕ್ಕ, ಅಂಕುಡೊಂಕಾದ ಅಲೆಗಳು ಎದ್ದವು. ಹೊಸದಾಗಿ ತಲುಪಿದ ನರದ ಗುರುತು ಅವು. ಹೊರಗೆ ಬೆರಳು ಎಳ್ಳಷ್ಟೂ ಅಲುಗದಿದ್ದರೂ ಪರದೆಯ ಮೇಲೆ ಅಲೆ ಕಂಡಿತು. ನನ್ನ ಹೆಂಡತಿ, "ಕೈ ಅಲ್ಲಾಡಲೇ ಇಲ್ಲವಲ್ರೀ, ಇವರು ಬಂತು ಅಂತಾರಲ್ಲ" ಎಂದು ಅನುಮಾನದಿಂದಲೇ ಕೇಳಿದಳು. ಅಲುಗಾಟಕ್ಕೆ ಇನ್ನೂ ಒಂದು ತಿಂಗಳು ಬೇಕಾಯಿತು.

ವರ್ಷ ತುಂಬುವ ಮೊದಲು ಅದೇ ಯಂತ್ರದಲ್ಲಿ ಎರಡನೆಯ ಎಂಆರ್‌ಐ ಆಯಿತು. ಮಣಿಕಟ್ಟಿನ ಮಟ್ಟದಲ್ಲಿ 0ಯಿಂದ 1ರ ನಡುವಿನ ಆ ಅಂಕಿ ಮೊದಲಿಗಿಂತ ಸ್ಪಷ್ಟವಾಗಿ ಏರಿತ್ತು, ಎಡಗೈಯ ಮಟ್ಟಕ್ಕೆ ಮುಟ್ಟಿರಲಿಲ್ಲ. ಕಿರುಬೆರಳಿನ ಕಡೆಯ ಸ್ನಾಯುಗಳ ಹೊಳಪು ಬಹುಪಾಲು ಇಳಿದಿತ್ತು. ಹೆಬ್ಬೆರಳಿನ ಪಕ್ಕದ ಸ್ನಾಯು ಮಾತ್ರ ಇನ್ನೂ ಹೊಳೆಯುತ್ತಿತ್ತು, ಅದರಲ್ಲಿ ಕೊಬ್ಬಿನ ಸಣ್ಣ ಗೆರೆಗಳೂ ಮೂಡಿದ್ದವು. ಸೀಮೆಸುಣ್ಣ ಹಿಡಿದಾಗ ಹೆಬ್ಬೆರಳಿನ ಗೆಣ್ಣು ಮಡಚಿಕೊಳ್ಳುವುದೇಕೆ, ಬೀಗದ ಕೈ ತಿರುಗಿಸಲು ಎಡಗೈಯೇ ಏಕೆ ಬೇಕು ಎಂಬುದಕ್ಕೆ ಕಾರಣ ಆ ಒಂದು ಚಿತ್ರದಲ್ಲಿತ್ತು.

ನನ್ನ ಅನುಭವದಿಂದ ನನಗನ್ನಿಸುವುದು ಇಷ್ಟು: ನರ ಹೊಲಿಸಿಕೊಂಡವರೆಲ್ಲರೂ ಎಂಆರ್‌ಐಗೆ ಓಡಬೇಕಾಗಿಲ್ಲ. ತಟ್ಟಿದಾಗಿನ ಝಣಕು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದು, ಲೆಕ್ಕದ ಪ್ರಕಾರ ಸ್ನಾಯುಗಳು ಎಚ್ಚರಗೊಳ್ಳುತ್ತಿದ್ದರೆ ಚಿತ್ರದಿಂದ ಹೊಸದಾಗಿ ತಿಳಿಯುವುದೇನೂ ಇರುವುದಿಲ್ಲ. ಅನುಮಾನ ಬಂದಾಗ ಪಳಗಿದವರ ಕೈಯಲ್ಲಿ ಅಲ್ಟ್ರಾಸೌಂಡ್ ಮೊದಲು. ಅದರಲ್ಲಿ ಬಿರುಕು ಕಂಡರೆ ಉತ್ತರ ಅಲ್ಲೇ ಸಿಕ್ಕಿತು. ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕೇ ಬೇಡವೇ ಎಂಬುದು ಆ ಚಿತ್ರದ ಮೇಲೆ ನಿಂತಿದ್ದಾಗ ಮಾತ್ರ ಎಂಆರ್‌ಐಯ ಖರ್ಚಿಗೂ ಭುಜದ ನೋವಿಗೂ ಅರ್ಥವಿದೆ.

ಈಗ ಎರಡು ವರ್ಷ ಕಳೆದಿದೆ. ಕಿರುಬೆರಳಿಗೆ ಸ್ಪರ್ಶ ಮರಳಿದೆ, ಆದರೆ ಕಣ್ಣು ಮುಚ್ಚಿಸಿ ಕಿರುಬೆರಳನ್ನು ಮುಟ್ಟಿದರೆ ಒಮ್ಮೊಮ್ಮೆ ಉಂಗುರ ಬೆರಳು ಎನ್ನುತ್ತೇನೆ. ಎಳೆಗಳು ತಲುಪಿವೆ, ಕೆಲವು ತಪ್ಪು ಮನೆಗೆ ಹೊಕ್ಕಿವೆ; ಮುಂಗೈಯ ಯಾವ ಚಿತ್ರದಲ್ಲಿಯೂ ಅದು ಕಾಣಲಿಲ್ಲ. ಇದಕ್ಕಾಗಿ ಮರಳುಕಾಗದ, ಹತ್ತಿ, ನಾಣ್ಯಗಳನ್ನು ಮೊದಲು ನೋಡಿಕೊಂಡು, ಆಮೇಲೆ ಕಣ್ಣು ಮುಚ್ಚಿ ಮುಟ್ಟಿ ಗುರುತಿಸುವ ಅಭ್ಯಾಸವನ್ನು ಫಿಸಿಯೋಥೆರಪಿಯಲ್ಲಿ ಮಾಡಿಸುತ್ತಾರೆ. ಹಿಡಿತದ ಬಲವನ್ನು ಪಿಂಚ್ ಗೇಜಿನಲ್ಲಿ ಅಳೆದು ಬರೆದಿಡುತ್ತಾರೆ. ಇನ್ನೊಂದು ಎಂಆರ್‌ಐ ಬೇಕೇ ಎಂದು ಕಳೆದ ಸಲ ನಾನಾಗಿಯೇ ಕೇಳಿದಾಗ ಶಸ್ತ್ರವೈದ್ಯರು, "ಅದರಿಂದ ನಾನು ಮಾಡುವ ಕೆಲಸವೇನೂ ಬದಲಾಗುವುದಿಲ್ಲ ಮೇಷ್ಟ್ರೇ" ಎಂದು ಚೀಟಿಯಲ್ಲಿ ವ್ಯಾಯಾಮವನ್ನಷ್ಟೇ ಬರೆದುಕೊಟ್ಟರು.